ಹದಿನಾಲ್ಕಕ್ಕೆ ತುಸು ಕಡಿಮೆ

ತಾರ್ತುವಿನಲ್ಲಿ ಫೆಬ್ರವರಿ. ಗಾಳಿ ಒಣಗಿ
ಮಡಿಚಿದ ಕಾಗದದ ಹಾಗೆ ಸದ್ದು ಮಾಡುವ ದಿನ.
ಇಂಥ ದಿನಕ್ಕೇ ಕಾದಿದ್ದಳು ಹೆಲ್ವೆ,
ಉಪಕರಣದ ಕೋಣೆಯ ಬೀಗ ಅವಳದು.
ತೇವವಿದ್ದರೆ ಆವೇಶ ನಿಲ್ಲುವುದಿಲ್ಲ,
ಮೇಣದ ಕಾಲಿನ ಮೇಲಿಂದಲೂ ಜಾರಿ
ಹೇಳದೆ ಕೇಳದೆ ನೆಲಕ್ಕೆ ಇಳಿದುಬಿಡುತ್ತದೆ.

ನಮ್ಮ ಮಾತಿನಲ್ಲಿ ಅದಕ್ಕೆ ಆವೇಶವೆಂದೇ ಹೆಸರು,
ಮೈಮೇಲೆ ಬರುವುದಕ್ಕೂ ಅದೇ.
ಎರಡೂ ಮೈಯ ಮೇಲಷ್ಟೇ.
ಒಳಹೊಕ್ಕು ನೋಡಿದರೆ ಟೊಳ್ಳು, ಸದ್ದಿಲ್ಲ.

ಎರಡು ಹಿತ್ತಾಳೆ ಗೋಳ, ಒಂದೇ ಅಳತೆ,
ನಡುವಿನಿಂದ ಅಂಚಿಗೆ ಹತ್ತು ಸೆಂಟಿಮೀಟರ್.
ಒಂದರ ನೆತ್ತಿಯಲ್ಲಿ ತಗ್ಗು,
ಯಾವ ಕಾಲದ ಯಾವ ಹುಡುಗ ಬೀಳಿಸಿದ್ದೋ.
ಹಳೆಯ ಮಾಪನದಲ್ಲಿ
ಗೋಳದ ಧಾರಕತೆಯೆಂದರೆ ಅದರ ತ್ರಿಜ್ಯವೇ:
ಎಷ್ಟು ದೊಡ್ಡದೋ ಅಷ್ಟು ಹಿಡಿಯುತ್ತದೆ.
ಮನುಷ್ಯರಲ್ಲಿ ಹಾಗಿಲ್ಲ, ಇರಲಿ.

ಹತ್ತು, ಹತ್ತು, ಇಪ್ಪತ್ತು ಎಂದು
ಮೊದಲೇ ಬರೆದುಕೊಂಡು ಬಂದಿದ್ದಳು ಲೇಲೊ.
ಗೋಳಗಳನ್ನು ತಾಗಿಸಿಟ್ಟು, ತುಂಬಿ, ಅಳೆದಳು.
ಮುಳ್ಳು ಹದಿನಾಲ್ಕರ ಹತ್ತಿರ ಹೋಗಿ
ಅದನ್ನೂ ಮುಟ್ಟದೆ ನಿಂತಿತು.
ಸೋರಿಕೆ, ಎಂದಳು. ಗಾಜು ಒರೆಸಿದಳು,
ಉಣ್ಣೆಯ ಅಂಗಿ ಕಳಚಿ ದೂರ ಎಸೆದಳು.
ಮತ್ತೆ ಹದಿನಾಲ್ಕಕ್ಕೆ ತುಸು ಕಡಿಮೆ.
ಆರು ಎಲ್ಲಿ ಹೋಯಿತು?
ಹೆಲ್ವೆ ಕಾಫಿ ಕುದಿಸುತ್ತ, ತಿರುಗಿ ನೋಡದೆ,
"ಎಲ್ಲೂ ಹೋಗಿಲ್ಲ. ಬಂದೇ ಇಲ್ಲ."

ಬಸ್ ನಿಲ್ದಾಣದ ಹಿಂದೆ ಲೇಲೊಳ ತಾಯಿ
ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಾಳೆ.
ಎದುರುಬದುರು ಕನ್ನಡಿ; ಚಿಕ್ಕವಳಿದ್ದಾಗ
ನಡುವೆ ಕೂತು ತನ್ನನ್ನೇ ಎಣಿಸುತ್ತಿದ್ದಳು
ಹನ್ನೊಂದರವರೆಗೆ, ಆಮೇಲೆ ಹಸಿರು ಮಬ್ಬು.
ಆ ಎಣಿಕೆ ಈಗ ಕೆಲಸಕ್ಕೆ ಬಂತು:
ಈ ಗೋಳದ ನಡುವೆ ಒಂದನ್ನಿಟ್ಟರೆ
ಆ ಗೋಳದೊಳಗೆ ಅದರ ಬಿಂಬ, ಅರ್ಧ, ಋಣ.
ಆ ಬಿಂಬಕ್ಕೆ ಇಲ್ಲೊಂದು ಬಿಂಬ,
ಮೂರರಲ್ಲೊಂದು, ಧನ.
ಅದಕ್ಕೆ ಅಲ್ಲಿ ಕಾಲು, ಮತ್ತೆ ಋಣ.
ಕೊಟ್ಟು ಕಳೆದು, ಕೊಟ್ಟು ಕಳೆದು
ಬಿಂಬಗಳೆಲ್ಲ ಕುಗ್ಗುತ್ತ ಸರಿಯುತ್ತವೆ
ತಾಗಿದ ಆ ಒಂದೇ ಬಿಂದುವಿನ ಕಡೆಗೆ.
ಮುಗಿಯದ ಜಮಾಖರ್ಚಿನ ಕೊನೆಗೆ
ಒಂದೊಂದು ಗೋಳಕ್ಕೂ ಉಳಿಯುವುದು
ಹತ್ತರಲ್ಲಿ ಏಳು, ಏಳೂ ಪೂರಾ ಅಲ್ಲ.

ತಾಗಿದ ಕಡೆ ಏನೂ ಇಲ್ಲ. ಅದನ್ನೂ ನೋಡಿದಳು:
ರೇಷ್ಮೆ ದಾರಕ್ಕೆ ಕಟ್ಟಿದ ಪುಟ್ಟ ಬಿಲ್ಲೆಯನ್ನು
ಸಂದಿಗೆ ಇಳಿಸಿ ತೆಗೆದರೆ ಮುಳ್ಳು ಮಲಗಿಯೇ ಇತ್ತು.
ಇದ್ದದ್ದೆಲ್ಲ ಹೊರಬೆನ್ನಿನಲ್ಲಿ,
ಒಂದರ ಬೆನ್ನು ಕಿಟಕಿಗೆ, ಇನ್ನೊಂದರದು ಬಾಗಿಲಿಗೆ.

ಆಮೇಲೆ ಈ ಮೂಲೆಗೊಂದು ಆ ಮೂಲೆಗೊಂದು,
ನಡುವೆ ಮೂರು ಮೀಟರ್, ಕೂದಲೆಳೆಯ ತಂತಿ.
ತುಂಬಿದ ಮೇಲೆ ಗಾಜಿನ ಕಡ್ಡಿಯಿಂದ
ತಂತಿಯನ್ನು ಎತ್ತಿ ತೆಗೆದಳು ಹೆಲ್ವೆ.
ತಂತಿಯೂ ಕುಡಿಯುತ್ತದೆ, ದೋಣಿಯವನ ಕೂಲಿಯಂತೆ;
ಅದರ ಪಾಲು ನಮ್ಮ ಲೆಕ್ಕಕ್ಕೆ ಬೇಡ.
ಹತ್ತೊಂಬತ್ತೂ ಚಿಲ್ಲರೆ.
ಮೊಗಸಾಲೆಯುದ್ದಕ್ಕೂ ಒಯ್ದಿಟ್ಟರೆ ಇನ್ನೂ ಒಂದು ಕೂದಲು.
"ಇಪ್ಪತ್ತು ಮಾತ್ರ ಕೇಳಬೇಡ,
ನದಿಯಾಚೆ ಒಯ್ದರೂ ಸಿಗುವುದಿಲ್ಲ."

ಲೇಲೊ ಬರೆದುಕೊಳ್ಳುತ್ತಿದ್ದಳು.
ಹೆಲ್ವೆ ಬಟ್ಟಲಿಗೆ ಹೇಳುವಂತೆ ಹೇಳಿದಳು:
"ಅಕ್ಕ ಲೈನೆ ಮೂರು ವರ್ಷ ನನ್ನ ಒಂಟಿ ಕೋಣೆಯಲ್ಲಿದ್ದಳು.
ಚಮಚ ಎಲ್ಲಿಡಬೇಕು ಅನ್ನುವುದಕ್ಕೂ ಜಗಳ.
ಈಗ ನಾರ್ವಾದಲ್ಲಿದ್ದಾಳೆ. ಭಾನುವಾರ ಫೋನು,
ಎರಡು ಗಂಟೆ ಮಾತಾಡಿದರೂ ಸಾಲದು."
ಲೇಲೊ ತಲೆಯೆತ್ತಲಿಲ್ಲ.
"ಗೋಳಗಳು ಜಗಳವಾಡುವುದಿಲ್ಲ.
ಎರಡೂ ಒಂದೇ ವಿಭವದಲ್ಲಿವೆ, ಅಷ್ಟೇ."
"ಹೌದು," ಎಂದಳು ಹೆಲ್ವೆ. "ನಾವು ಇರಲಿಲ್ಲ."

ಐದಕ್ಕೇ ಕತ್ತಲು. ತಗ್ಗಿನ ಗೋಳವನ್ನು
ಬಟ್ಟೆಯಲ್ಲಿ ಸುತ್ತುವ ಮುನ್ನ
ಲೇಲೊ ಸುಮ್ಮನೆ ಬೆರಳು ತಂದಳು. ಚಟ್ಟೆಂದು
ಒಂದು ನೀಲಿ ಎಳೆ. ಇನ್ನೂ ಇತ್ತು.
ಬೆರಳು ಕೊಡವುತ್ತ ನಕ್ಕಳು:
"ಹಾಗಾದರೆ ನನ್ನದೆಷ್ಟು, ನನ್ನ ಧಾರಕತೆ?"
ಹೆಲ್ವೆ ಅವಳನ್ನು ನೆತ್ತಿಯಿಂದ ಅಳೆಯುತ್ತ ಬಂದು
ಬೂಟಿನ ಅಟ್ಟೆಯ ಹತ್ತಿರ ನಿಂತು
ಅದು ಎಷ್ಟು ದಪ್ಪ ಎಂದು ಕೇಳಿದಳು.